2021ರಲ್ಲಿ ಹೋದವರನ್ನು ನೆನೆಯಲು ಬಂದ ನಿಮಗೆಲ್ಲ

ಹನ್ನೆರಡನೇ ಸಂಜೆ ಮೊನ್ನೆ ಮುಗಿಯಿತು. 2021ರಲ್ಲಿ ನಮ್ಮನ್ನು ಬಿಟ್ಟು ಹೋದವರನ್ನು ತಿಂಗಳಿಗೊಂದು ಸಂಜೆ ಕೂತು ನೆನೆಯೋಣ ಅಂತ ಶುರು ಮಾಡಿದಾಗ ನಾವಿದ್ದದ್ದು ನಾಲ್ಕೇ ಜನ. ಎರಡು ತಿಂಗಳಲ್ಲಿ ನಿಂತು ಹೋಗುತ್ತದೆ ಅಂದುಕೊಂಡಿದ್ದೆ. ನೀವು ನಿಲ್ಲಲು ಬಿಡಲಿಲ್ಲ.

ಕೊರೊನಾದಿಂದಾಗಿ ಆ ವರ್ಷ ಯಾರನ್ನೂ ಸರಿಯಾಗಿ ಕಳಿಸಿಕೊಡಲು ಆಗಲಿಲ್ಲ ಅಲ್ವಾ? ಏಪ್ರಿಲ್ 19ಕ್ಕೆ ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು ಹೋದರು. ಜೂನ್ 11ಕ್ಕೆ ಕವಿ ಸಿದ್ಧಲಿಂಗಯ್ಯ, ಆಮೇಲೆ ನಟ ಸಂಚಾರಿ ವಿಜಯ್, 18ಕ್ಕೆ ಮಿಲ್ಖಾ ಸಿಂಗ್. ಇವರೆಲ್ಲರ ನಡುವೆ, ಮೇ ತಿಂಗಳಲ್ಲಿ, ನಮ್ಮಪ್ಪ. ಒಂದು ಸಾವಿಗೆ ಅತ್ತು ಮುಗಿಸುವ ಮೊದಲೇ ಇನ್ನೊಂದು ಸುದ್ದಿ ಬರುತ್ತಿತ್ತು.

ಮೊದಲ ಸಂಜೆ ವೆಂಕಟಸುಬ್ಬಯ್ಯನವರದು. ಪ್ರಜಾವಾಣಿಯಲ್ಲಿ ಬರುತ್ತಿದ್ದ ಅವರ 'ಇಗೋ ಕನ್ನಡ' ಅಂಕಣವನ್ನು ಅಪ್ಪ ಕತ್ತರಿಸಿ ಅಂಟಿಸಿಟ್ಟಿದ್ದ ನೋಟ್‌ಬುಕ್ ತಂದಿದ್ದೆ. ಸುಮ್ನೆ ತೋರಿಸಿ ವಾಪಸ್ ಇಡೋಣ ಅಂತ. ಲೈಬ್ರರಿಯಲ್ಲಿ ಕೆಲಸ ಮಾಡುವ ಅಕ್ಕ ಅದನ್ನು ಕೈಗೆ ತೆಗೆದುಕೊಂಡು, ಯಾರೋ ಓದುಗರು ಒಂದು ಪದದ ಬಗ್ಗೆ ಕೇಳಿದ ಪ್ರಶ್ನೆ, ಅದಕ್ಕೆ ಜೀವಿ (ವೆಂಕಟಸುಬ್ಬಯ್ಯನವರು) ಕೊಟ್ಟ ಉತ್ತರ, ಪಕ್ಕದಲ್ಲಿ ಅಪ್ಪ ಪೆನ್ಸಿಲ್‌ನಲ್ಲಿ ಬರೆದಿದ್ದ 'ನಮ್ಮಜ್ಜಿ ಇದನ್ನು ಬೇರೆ ಥರ ಹೇಳುತ್ತಿದ್ದರು' ಅನ್ನೋ ಸಾಲು, ಎಲ್ಲವನ್ನೂ ಒಂದೇ ದನಿಯಲ್ಲಿ ಓದುತ್ತಾ ಹೋದರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದವರು, 107 ವರ್ಷ ಬದುಕಿದವರು ಜೀವಿ. ಅವರ ಮಾತಿನ ಜೊತೆ ಅಪ್ಪನ ಪೆನ್ಸಿಲ್ ಅಕ್ಷರವನ್ನೂ ಓದಿದಿರಲ್ಲ ಅಕ್ಕಾ, ಆ ಋಣ ದೊಡ್ಡದು.

ಮಿಲ್ಖಾ ಸಂಜೆಗೆ ಡ್ರಿಲ್ ಮೇಷ್ಟ್ರು ಸ್ಟಾಪ್‌ವಾಚ್ ತಂದಿದ್ದರು. 1960ರ ರೋಮ್ ಒಲಿಂಪಿಕ್ಸ್, 400 ಮೀಟರ್, ಕಂಚು ತಪ್ಪಿದ್ದು 0.1 ಸೆಕೆಂಡಿನಲ್ಲಿ. "ಒತ್ತಿ, ತಕ್ಷಣ ಇನ್ನೊಮ್ಮೆ ಒತ್ತಿ, ಎಷ್ಟು ಬರುತ್ತೆ ನೋಡಿ" ಅಂದರು. ನನಗೆ 0.16 ಬಂತು. ನಾನು ಬೆರಳೆತ್ತಿ ಒತ್ತುವಷ್ಟರಲ್ಲಿ ಆ ಪದಕ ಹೋಗಿಬಿಟ್ಟಿತ್ತು. ಆದರೆ ಅವತ್ತು ಅವರು ಓಡಿದ ವೇಗವನ್ನು ಮುಂದಿನ 38 ವರ್ಷ ನಮ್ಮ ದೇಶದಲ್ಲಿ ಯಾರೂ ಮುರಿಯಲಿಲ್ಲ. ಅವರಿಗಿಂತ ಐದು ದಿನ ಮೊದಲು ಅದೇ ಕೊರೊನಾಗೆ ಹೋದ ಹೆಂಡತಿ ನಿರ್ಮಲ್, ಭಾರತದ ವಾಲಿಬಾಲ್ ತಂಡದ ನಾಯಕಿಯಾಗಿದ್ದವರು. ಅವರ ಹೆಸರನ್ನೂ ಬರೆಯಲೇಬೇಕು ಅಂತ ಹಟ ಹಿಡಿದ ಹುಡುಗಿಗೆ ನನ್ನ ವಿಶೇಷ ಥ್ಯಾಂಕ್ಸ್. ನಮಗ್ಯಾರಿಗೂ ಹೊಳೆದಿರಲಿಲ್ಲ.

ಅಪ್ಪು ಬಗ್ಗೆ ಏನು ಬರೆಯಲಿ. ಅಕ್ಟೋಬರ್ 29, ಬರೀ 46 ವರ್ಷ. ಆ ಸಂಜೆ ಯಾರಿಗೂ ಜಾಸ್ತಿ ಮಾತು ಬರಲಿಲ್ಲ. ಕೊನೆಗೆ ನಮ್ಮ ನರ್ಸ್ ಸಿಸ್ಟರ್ ಒಂದು ಪೇಪರ್ ನ್ಯಾಪ್‌ಕಿನ್ ತಗೊಂಡು, ಉಗುರಿನಿಂದ ಮೆಲ್ಲಗೆ ಅದರ ಎರಡು ಪದರ ಬಿಡಿಸಿ, ಹೀಗೇ ಒಂದೊಂದು ಕಾರ್ನಿಯಾವನ್ನೂ (ಕಣ್ಣಿನ ಮುಂದಿರುವ ಪಾರದರ್ಶಕ ಪೊರೆ) ಮುಂದಿನ ಪದರ, ಹಿಂದಿನ ಪದರ ಅಂತ ಬೇರೆ ಮಾಡಿದ್ದರಿಂದ ಅವರ ಎರಡು ಕಣ್ಣು ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟವು ಅಂತ ತೋರಿಸಿದರು. ಅವತ್ತೇ ಕೆಲವರು ನೇತ್ರದಾನದ ಫಾರಂ ತುಂಬಿದಿರಿ. ನಾನೂ ತುಂಬಿದೆ.

ಮೊನ್ನೆ ಎಲ್ಲರ ಹೆಸರು ಓದಿ ಮುಗಿಸಿದ ಮೇಲೆ, ನಾನು ಕೇಳದೇ ಇದ್ದರೂ, ಅಪ್ಪನ ಹೆಸರನ್ನೂ ಓದಿದಿರಿ. ಆಮೇಲೆ ನಿಮ್ಮ ನಿಮ್ಮ ಮನೆಯವರ ಹೆಸರು ಒಬ್ಬೊಬ್ಬರಾಗಿ ಹೇಳಿದಿರಿ. ಆ ವರ್ಷ ಅಪ್ಪನ ಹೆಸರನ್ನು ನಾಲ್ಕು ಜನರ ಎದುರು ಜೋರಾಗಿ ಹೇಳಲು ನಮಗೆ ಆಗಿರಲೇ ಇಲ್ಲ.

ಮೇಷ್ಟ್ರೇ, ಸ್ಟಾಪ್‌ವಾಚ್ ನಮ್ಮನೆಯಲ್ಲೇ ಉಳಿದುಬಿಟ್ಟಿದೆ. ಭಾನುವಾರ ನಾನೇ ತಂದುಕೊಡುತ್ತೇನೆ.