ಗಲ್ಲಾದ ಪಕ್ಕದ ಡಬ್ಬಿಗೆ ನಿಮ್ಮ ಕೈಲಾದಷ್ಟು ಹಾಕಿ

ನಮ್ಮ ಗಿರಾಕಿಗಳಿಗೆ, ಅಕ್ಕಪಕ್ಕದವರಿಗೆಲ್ಲ ನಮಸ್ಕಾರ.

ಅಂಗಡಿಯ ಗಲ್ಲಾದ ಪಕ್ಕ ಒಂದು ಡಬ್ಬಿ ಇಟ್ಟಿದ್ದೇವೆ. ಅದಕ್ಕೆ ಬೀಳುವ ಪ್ರತಿ ಪೈಸೆಯೂ ಆತ್ಮಹತ್ಯೆ ತಡೆಯಲು ಸಹಾಯವಾಣಿ ನಡೆಸುತ್ತಿರುವ ಸಂಸ್ಥೆಗೆ ಹೋಗುತ್ತದೆ. ಯಾಕೆ ಅಂತ ಹೇಳಿಬಿಡುತ್ತೇನೆ.

ದಿನಾ ಸಂಜೆ ಬರುತ್ತಿದ್ದ ಗಿರಾಕಿಯೊಬ್ಬರಿದ್ದರು. ಸಾಮಾನು ಚೀಲಕ್ಕೆ ಹಾಕಿಕೊಂಡ ಮೇಲೂ ಹತ್ತು ನಿಮಿಷ ನಿಂತು ಮಾತಾಡುವವರು. ಬರಬರುತ್ತಾ ಮಾತು ಕಮ್ಮಿಯಾಯಿತು. ಚೀಟಿ ಕೊಡುವುದು, ದುಡ್ಡು ಇಡುವುದು, ಹೋಗುವುದು ಅಷ್ಟೇ. ಒಂದು ದಿನ ಬಂದು ಹಳೇ ಬಾಕಿಯನ್ನೆಲ್ಲ ಒಂದೇ ಸಲ ಚುಕ್ತಾ ಮಾಡಿದರು. ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ನಾನೇ ಗೀಟು ಎಳೆದೆ. "ಇಷ್ಟು ಅವಸರ ಏನಿತ್ತು, ನಿಧಾನಕ್ಕೆ ಕೊಡಬಹುದಿತ್ತಲ್ಲ" ಅಂದೆ. ಅವರು ಸುಮ್ನೆ ನಕ್ಕರು. ಆ ವಾರವೇ ಅವರು ಇಲ್ಲವಾದರು.

ಏನಾಗಿದೆ ಅಂತ ಕೇಳಬೇಕು ಅನ್ನಿಸಿತ್ತು. ಬೇಜಾರು ಮಾಡಿಕೊಂಡಾರು ಅಂತ ಹಿಂಜರಿದೆ. ಕೇಳಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಇಂಥ ಸಾವಿಗೆ ಒಂದೇ ಕಾರಣ ಇರುವುದಿಲ್ಲ. ಆದರೆ ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಎಷ್ಟೋ ಜನಕ್ಕೆ ಎದೆಯ ಭಾರ ಇಳಿಯುತ್ತದೆ. ಹಾಗೆಯೇ, ಸಾಲ ತೀರಿಸುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಜನರಿಂದ ದೂರ ಸರಿಯುವುದು ಕೆಲವೊಮ್ಮೆ ಮುನ್ಸೂಚನೆ ಆಗಿರುತ್ತದಂತೆ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 7,27,000 ಜನ ಹೀಗೆ ಹೋದರು. 15ರಿಂದ 29 ವರ್ಷದವರ ಸಾವಿಗೆ ಇದು ಮೂರನೇ ದೊಡ್ಡ ಕಾರಣ. ಮಕ್ಕಳಿರುವ ಮನೆಯವರು ಈ ಮಾತನ್ನು ಸುಮ್ನೆ ಓದಿ ಬಿಡಬೇಡಿ.

1953ರಲ್ಲಿ ಲಂಡನ್ನಿನಲ್ಲಿ ಚಾಡ್ ವರಾ ಅನ್ನುವ ಪಾದ್ರಿ ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗಾಗಿ ಒಂದು ಫೋನ್ ಸೇವೆ ಶುರು ಮಾಡಿದರು. ಅದೇ ಸಮಾರಿಟನ್ಸ್. ಅವರನ್ನು ಕಾಣಲು ಬಂದು ಕಾಯುತ್ತಿದ್ದವರಿಗೆ ಸ್ವಯಂಸೇವಕರು ಟೀ ಕೊಟ್ಟು, ಪಕ್ಕದಲ್ಲಿ ಕೂತು ಮಾತು ಕೇಳುತ್ತಿದ್ದರು. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತಿತ್ತು. ಕೇಳುವ ಕಿವಿಗೆ ದೊಡ್ಡ ಪದವಿ ಬೇಕಿಲ್ಲ, ತರಬೇತಿ ಬೇಕು. ನಾವು ದುಡ್ಡು ಕೊಡುತ್ತಿರುವ ಸಂಸ್ಥೆಯಲ್ಲೂ ಫೋನ್ ಎತ್ತುವವರು ಸಂಬಳ ತಗೊಳ್ಳುವುದಿಲ್ಲ. ಆದರೆ ಅವರ ತರಬೇತಿಗೆ, ಫೋನ್ ಲೈನಿಗೆ, ಕೂರುವ ಜಾಗಕ್ಕೆ ಖರ್ಚಿದೆ. ರಾತ್ರಿ ಪಾಳಿ ನಡೆಸುವುದೇ ಜಾಸ್ತಿ ಕಷ್ಟ. ಫೋನ್ ಬರುವ ಹೊತ್ತೂ ಅದೇ ಅಲ್ವಾ?

ನಿಮ್ಮ ಕೈಲಾದಷ್ಟು ಹಾಕಿ. ಚಿಲ್ಲರೆಯಾದರೂ ಸರಿ. ದೊಡ್ಡ ಮೊತ್ತ ಕೊಡುವವರು ರಸೀದಿ ಕೇಳಿ ಪಡೆಯಿರಿ, ಅದು ಸಂಸ್ಥೆಯ ಹೆಸರಿನಲ್ಲೇ ಇರುತ್ತದೆ. ಸೆಪ್ಟೆಂಬರ್ 10, ವಿಶ್ವ ಆತ್ಮಹತ್ಯೆ ತಡೆ ದಿನ. ಅವತ್ತು ಸಂಜೆ ನಿಮ್ಮೆದುರೇ ಡಬ್ಬಿ ಒಡೆದು ಎಣಿಸಿ, ಲೆಕ್ಕವನ್ನು ಬಾಗಿಲಿಗೆ ಅಂಟಿಸುತ್ತೇವೆ.

ಡಬ್ಬಿಯ ಹತ್ತಿರ ಚಿಕ್ಕ ಚೀಟಿಗಳೂ ಇವೆ. ಅದರಲ್ಲಿ ಟೆಲಿ ಮಾನಸ್ ಸಹಾಯವಾಣಿಯ ನಂಬರ್ ಇದೆ: 14416. ಭಾರತ ಸರ್ಕಾರದ ಈ ಸೇವೆ ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಚೀಟಿ ಯಾರು ಬೇಕಾದರೂ ತಗೊಂಡು ಹೋಗಿ. ಅದಕ್ಕೆ ದುಡ್ಡು ಹಾಕಲೇಬೇಕು ಅಂತೇನಿಲ್ಲ.