ಕೆನಡಾ ಫುಟ್‌ಬಾಲ್‌ಗೆ ಅಮೆರಿಕದ ಲೆಕ್ಕ ಬೇಡ

ಮಾನ್ಯ ಸಂಪಾದಕರೇ,

ತಮ್ಮ ಕ್ರೀಡಾಪುಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟದ ಲೀಗಾದ ಕೆನಡಿಯನ್ ಫುಟ್‌ಬಾಲ್ ಲೀಗ್‌ನ ಸುದ್ದಿ ಅಪರೂಪಕ್ಕೊಮ್ಮೆ ಬರುತ್ತದೆ. ಬಂದಾಗಲೂ ಪಕ್ಕದಲ್ಲಿ ಕಾಲ್ಚೆಂಡಾಟದ ಚಿತ್ರ ಇರುತ್ತದೆ, ಇಲ್ಲವೇ ‘ಅಮೆರಿಕನ್ ಫುಟ್‌ಬಾಲ್ ಮಾದರಿಯ ಆಟ’ ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಗಲ್ಫಿನ ಜೊತೆಗೆ ಈಗ ಕೆನಡಾಕ್ಕೂ ಮಕ್ಕಳನ್ನು ಕಳಿಸಿದ ಮನೆಗಳಿವೆ. ಆ ಮಕ್ಕಳಿರುವ ಊರುಗಳಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ನಡೆಯುವ ಆಟದ ವರದಿ ಇಲ್ಲಿಯವರಿಗೂ ಕನ್ನಡದಲ್ಲಿ ಸರಿಯಾಗಿ ಸಿಗಬೇಕು. ಅದಕ್ಕೆ ದೊಡ್ಡ ಜಾಗವೇನೂ ಬೇಡ. ಆದರೆ ಲೆಕ್ಕ ಕೆನಡಾದ್ದೇ ಆಗಿರಬೇಕು.

ಅಮೆರಿಕದ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಚೆಂಡಿನೊಂದಿಗೆ 10 ಗಜ ಮುಂದೆ ಸಾಗಲು ನಾಲ್ಕು ಡೌನ್, ಅಂದರೆ ನಾಲ್ಕು ಯತ್ನ, ಕೆನಡಾದಲ್ಲಿ ಮೂರು. ಒಂದು ಕಡಿಮೆ, ಅಷ್ಟೇ ತಾನೇ ಎಂದುಕೊಂಡರೆ ಆಟವೇ ಕೈತಪ್ಪಿ ಹೋಗುತ್ತದೆ. ಮೂರನೆಯ ಡೌನ್‌ನಲ್ಲಿ ಗಜಗಳು ಹೆಚ್ಚು ಉಳಿದಿದ್ದರೆ ತಂಡಗಳು ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು (ಇದೇ ಪಂಟ್) ಎದುರಾಳಿಗೆ ಕೊಟ್ಟುಬಿಡುತ್ತವೆ. ಹಾಗಾಗಿ ನಿಜವಾಗಿ ಕೈಯಲ್ಲಿರುವುದು ಎರಡೇ ಅವಕಾಶ. ಕಬಡ್ಡಿಯಲ್ಲಿ ಎರಡು ಖಾಲಿ ರೈಡ್‌ ಆದಮೇಲೆ ಬರುವ ಡು ಆರ್ ಡೈ ರೈಡ್‌ನ ಒತ್ತಡ ಎಂಥದ್ದೆಂದು ನಮ್ಮ ಕಾಸರಗೋಡಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆನಡಾದ ಆಟದಲ್ಲಿ ಆ ಒತ್ತಡ ಎರಡನೆಯ ಡೌನಿಗೇ ಬಂದಿರುತ್ತದೆ.

ಮೊದಲ ಡೌನ್‌ನಲ್ಲಿ ಆರು ಗಜ ಸಿಕ್ಕಿತೆನ್ನಿ. ಉಳಿದ ನಾಲ್ಕಕ್ಕೆ ಓಡಲೂಬಹುದು, ಎಸೆಯಲೂಬಹುದು. ರಕ್ಷಣೆಯವರು ಎರಡಕ್ಕೂ ಸಿದ್ಧರಿರಬೇಕು. ಒಂದೇ ಗಜ ಸಿಕ್ಕಿದ್ದರೆ ಎಸೆತ ಬಹುತೇಕ ಖಚಿತ. ರಕ್ಷಣೆಯವರು ಓಟದ ಯೋಚನೆ ಬಿಟ್ಟು ನೇರ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಎಸೆತ ಕೆಟ್ಟಿತೋ, ಎರಡೇ ಆಟಕ್ಕೆ ಸರದಿ ಮುಗಿದು ಪಂಟ್. ಇದನ್ನು ಟೂ ಅಂಡ್ ಔಟ್ ಎನ್ನುತ್ತಾರೆ. ಒಂದು ತಂಡ ಒಟ್ಟು 400 ಗಜ ಗಳಿಸಿತು ಎಂದು ಬರೆದರೆ ಓದುಗನಿಗೆ ದಕ್ಕುವುದು ಕಡಿಮೆ. ಎಷ್ಟು ಸಲ ಟೂ ಅಂಡ್ ಔಟ್ ಆಯಿತು, ಎರಡನೆಯ ಡೌನ್‌ಗಳಲ್ಲಿ ಎಷ್ಟು ಗೆದ್ದಿತು, ಚೆಂಡನ್ನು ಎಷ್ಟು ಸಲ ಕಳೆದುಕೊಂಡಿತು ಎಂಬ ಮೂರು ಸಂಖ್ಯೆ ಕೊಟ್ಟರೆ ಪಂದ್ಯ ಹೇಗೆ ಹೋಯಿತೆಂದು ಬಹುಪಾಲು ತಿಳಿದುಬಿಡುತ್ತದೆ.

ಮೂರನೆಯ ಡೌನ್‌ನಲ್ಲಿ ಒಂದೇ ಗಜ ಉಳಿದಿದ್ದರೆ ಮಾತು ಬೇರೆ. ರಕ್ಷಣಾ ಸಾಲು ಚೆಂಡಿನಿಂದ ಒಂದು ಗಜ ದೂರ ನಿಲ್ಲಬೇಕೆಂಬುದು ಕೆನಡಾದ ನಿಯಮ. ಸೆಂಟರ್ ಎಂಬ ಆಟಗಾರ ಚೆಂಡನ್ನು ಹಿಂದಕ್ಕೆ ಕೊಡುವ ಸ್ನ್ಯಾಪ್ ಆದ ಕ್ಷಣವೇ ಕ್ವಾರ್ಟರ್‌ಬ್ಯಾಕ್ ಆತನ ಬೆನ್ನಿಗಂಟಿ ನುಗ್ಗಿದರೆ, ಎದುರಿನವರ ಮೈ ತಾಗುವಷ್ಟರಲ್ಲಿ ಆ ಗಜ ಹೆಚ್ಚುಕಡಿಮೆ ದಾಟಿಯಾಗಿರುತ್ತದೆ. ಅದನ್ನು ‘ದಿಟ್ಟ ನಿರ್ಧಾರ’ ಎಂದು ಬರೆಯುವುದು ಅಮೆರಿಕದ ಕಣ್ಣಿನಿಂದ ನೋಡಿದ ತಪ್ಪು. ಕೆನಡಾದಲ್ಲಿ ಅದು ವಾಡಿಕೆ. ಆ ಹೊತ್ತಿನಲ್ಲಿ ತಂಡ ಪಂಟ್ ಮಾಡಿದ್ದರೆ ಸುದ್ದಿ.

ಗಜದ ಲೆಕ್ಕದಲ್ಲೂ ಇದೇ ಎಡವಟ್ಟು. ಕೆನಡಾದ ಸಾಂಪ್ರದಾಯಿಕ ಅಂಗಳ 110 ಗಜ ಉದ್ದ, 65 ಗಜ ಅಗಲ. ಎರಡೂ ತುದಿಗೆ, ಗೋಲ್ ಗೆರೆಯಾಚೆ, ಚೆಂಡು ಒಯ್ದರೆ ಟಚ್‌ಡೌನ್ ಅಂಕ ಸಿಗುವ 20 ಗಜದ ಎಂಡ್‌ಜೋನ್. ಗೆರೆಗಳನ್ನು ಎರಡೂ ತುದಿಯ ಗೋಲ್ ಗೆರೆಯಿಂದ ನಡುವಿನವರೆಗೆ ಎಣಿಸುವುದರಿಂದ ನಟ್ಟನಡುವಿನ ಗೆರೆ 50 ಅಲ್ಲ, 55. ತನ್ನ 35ರ ಗೆರೆಯಿಂದ ಎದುರಾಳಿಯ 40ರ ಗೆರೆಗೆ ಹೋದರೆ 110ರಿಂದ 75 ಕಳೆದು 35 ಗಜ. ಎನ್‌ಎಫ್‌ಎಲ್ ಅಭ್ಯಾಸದವರು 25 ಎಂದು ಬರೆದುಬಿಡುತ್ತಾರೆ. ಪ್ರತಿ ಸರದಿಗೂ ಹತ್ತು ಗಜ ತಪ್ಪಿದರೆ ಆಮೇಲಿನ ವಿಶ್ಲೇಷಣೆ ಯಾವುದೂ ನಿಲ್ಲುವುದಿಲ್ಲ.

ಚೆಂಡನ್ನು ಗೋಲ್‌ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸುವ ಫೀಲ್ಡ್ ಗೋಲ್ ಒದೆತದ ಲೆಕ್ಕ ಇನ್ನೂ ಸೂಕ್ಷ್ಮ. ಎನ್‌ಎಫ್‌ಎಲ್‌ನಲ್ಲಿ ಗೋಲ್‌ಕಂಬ ಎಂಡ್‌ಜೋನಿನ ಹಿಂದಿದೆ, ಕೆನಡಾದಲ್ಲಿ ಗೋಲ್ ಗೆರೆಯ ಮೇಲೆಯೇ. ಚೆಂಡನ್ನು ಸ್ನ್ಯಾಪ್‌ ಜಾಗದಿಂದ ಸುಮಾರು ಏಳು ಗಜ ಹಿಂದೆ ಊರಿ ಒದೆಯುತ್ತಾರೆ. ಆದ್ದರಿಂದ 35ರ ಗೆರೆಯಲ್ಲಿ ಸ್ನ್ಯಾಪ್ ಆದರೆ ಕೆನಡಾದಲ್ಲಿ 42 ಗಜದ ಒದೆತ, ಅಮೆರಿಕದಲ್ಲಿ 52. ಲೀಗಿನ ಪ್ರಶಸ್ತಿ ಪಂದ್ಯವಾದ ಗ್ರೇ ಕಪ್‌ನ 2009ರ ಫೈನಲ್ ನೆನಪಿಸಿಕೊಳ್ಳಿ. ಸಸ್ಕಾಚೆವಾನ್ ತಂಡ 27-25ರಿಂದ ಮುಂದಿತ್ತು. ಮಾಂಟ್ರಿಯಲ್‌ನ ಡೇಮನ್ ಡುವಾಲ್ ಕೊನೆಯಲ್ಲಿ ಒದ್ದ 43 ಗಜದ ಚೆಂಡು ಗುರಿ ತಪ್ಪಿತು. ಆದರೆ ಸಸ್ಕಾಚೆವಾನ್ ತಂಡದವರು ಅಂಗಳದಲ್ಲಿ 12ರ ಬದಲು 13 ಮಂದಿ ನಿಂತಿದ್ದರು. ಹತ್ತು ಗಜ ದಂಡ ಬಿತ್ತು, ಮರು ಒದೆತ 33 ಗಜದಿಂದ, ಗುರಿ ಸೇರಿತು. ಕಪ್ 28-27ರಿಂದ ಮಾಂಟ್ರಿಯಲ್‌ಗೆ. ಹನ್ನೆರಡು ಜನರ ಆಟ ಎಂಬ ಒಂದು ಮಾತು ವರದಿಯಲ್ಲಿ ಇಲ್ಲದಿದ್ದರೆ ಈ ಫಲಿತಾಂಶ ಓದುಗನಿಗೆ ಅರ್ಥವೇ ಆಗುವುದಿಲ್ಲ.

ಈಗ ಈ ಲೆಕ್ಕಗಳೇ ಬದಲಾಗುವ ಕಾಲ. 2025ರ ಸೆಪ್ಟೆಂಬರ್ 22ರಂದು ಲೀಗ್ ಪ್ರಕಟಿಸಿದ ಪ್ರಕಾರ 2027ರಿಂದ ಅಂಗಳ 100 ಗಜ, ಎಂಡ್‌ಜೋನ್ 15 ಗಜ, ಕಂಬಗಳು ಎಂಡ್‌ಜೋನಿನ ಹಿಂದಕ್ಕೆ. ಅಂದರೆ ಅದೇ 35ರ ಗೆರೆಯ ಸ್ನ್ಯಾಪ್‌ಗೆ 42 ಹೋಗಿ 57 ಗಜದ ಒದೆತ. ಮೂರು ಅಂಕ ಎಂದು ತಂಡಗಳು ನಂಬಿಕೊಂಡಿದ್ದ ಜಾಗ ಪಂಟ್‌ ಮಾಡುವ ಇಲ್ಲವೇ ಮೂರನೆಯ ಡೌನ್ ಆಡುವ ಜಾಗವಾಗುತ್ತದೆ. ಕಂಬ ಹಿಂದೆ ಹೋಗುವುದು ಒಳ್ಳೆಯದೇ. ಗೋಲ್ ಗೆರೆಯ ನಡುವೆ ನಿಂತ ಕಂಬ ಎಸೆತಕ್ಕೂ ಅಡ್ಡಿ, ಓಡಿಬರುವ ಆಟಗಾರನಿಗೂ ಅಪಾಯ. ಅಂಗಳವನ್ನು ಹತ್ತು ಗಜ ಕತ್ತರಿಸುವುದು ಮಾತ್ರ ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕೆನಡಾದಲ್ಲಿ ಪಂಟ್ ಹಿಡಿಯುವವನಿಗೆ ಫೇರ್ ಕ್ಯಾಚ್, ಅಂದರೆ ಕೈಸನ್ನೆ ಮಾಡಿ ಓಡದೆ ಸುಮ್ಮನೆ ಹಿಡಿಯುವ ಅವಕಾಶ, ಇಲ್ಲ. ಎದುರಾಳಿಗಳು ಐದು ಗಜ ಬಿಟ್ಟು ನಿಲ್ಲಬೇಕು, ಆತ ಚೆಂಡು ಹಿಡಿದು ಓಡಲೇಬೇಕು. ಉದ್ದಗಲ ಹೆಚ್ಚಿದ್ದಷ್ಟೂ ಆ ಓಟಕ್ಕೆ ಜೀವ. ಅಗಲ 65 ಗಜವೇ ಉಳಿಯುತ್ತದೆ ಎಂಬುದಷ್ಟೇ ಸಮಾಧಾನ.

ರೂಜ್ ಎಂಬ ಒಂದಂಕದ ನಿಯಮ 2026ಕ್ಕೇ ಬದಲು. ಮೊದಲು ಗುರಿ ತಪ್ಪಿದ ಫೀಲ್ಡ್ ಗೋಲ್ ಎಂಡ್‌ಜೋನ್ ದಾಟಿ ಹೊರಹೋದರೂ ಒಂದಂಕ ಸಿಗುತ್ತಿತ್ತು. ಹೊಸ ನಿಯಮದಲ್ಲಿ ಹಿಂದಿನಿಂದಾಗಲೀ ಬದಿಯಿಂದಾಗಲೀ ಹೊರಹೋದ ಚೆಂಡಿಗೆ ಅಂಕವಿಲ್ಲ. ಚೆಂಡು ಹಿಡಿದ ಎದುರಾಳಿ ಎಂಡ್‌ಜೋನಿನಿಂದ ಹೊರಬರಲಾಗದಿದ್ದರೆ ಮಾತ್ರ ಒದ್ದ ತಂಡಕ್ಕೆ ಅಂಕ. ಇದು ಸರಿಯಾದ ತಿದ್ದುಪಡಿ. ಗುರಿ ತಪ್ಪಿದ್ದಕ್ಕೆ ಬಹುಮಾನವೂ ಇಲ್ಲ, ಹಳೆಯ ನಿಯಮದ ತಿರುಳೂ ಹೋಗಲಿಲ್ಲ.

ಗಾಯದ ಸುದ್ದಿ ಹಾಕುವಾಗ ಇನ್ನೊಂದು ವಿಷಯ. ಆರಂಭಿಕ 24 ಮಂದಿಯಲ್ಲಿ (ದಾಳಿಗೆ 12, ರಕ್ಷಣೆಗೆ 12) ಕೆನಡಾದವರು ಕನಿಷ್ಠ ಏಳು ಮಂದಿ ಇರಬೇಕು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ಗಾರ್ಡ್, ಕೆನಡಾದವನೊಬ್ಬ, ಗಾಯಗೊಂಡು ಬದಲಿಗೆ ಅಮೆರಿಕದವನು ಬಂದರೆ, ಬೇರೆ ಯಾವುದೋ ಸ್ಥಾನದಲ್ಲಿ ಅಮೆರಿಕದವನನ್ನು ಹೊರಗೆ ಕೂರಿಸಿ ಕೆನಡಾದವನನ್ನು ಆಡಿಸಬೇಕಾಗಬಹುದು. ‘ಗಾರ್ಡ್ ಇಲ್ಲ’ ಎಂಬ ಸಾಲಿಗಿಂತ ‘ಇದರಿಂದ ರಕ್ಷಣೆಯ ಸೇಫ್ಟಿ ಸ್ಥಾನವೂ ಬದಲಾಯಿತು’ ಎಂಬ ಸಾಲು ಉಪಯುಕ್ತ.

ದಿನ, ಸಮಯದ ವಿಚಾರ. ಬೇಸಿಗೆಯ ಗಡಿಯಾರವಿರುವಾಗ ಟೊರಾಂಟೊದ ಸಂಜೆ 7 ಎಂದರೆ ನಮಗೆ ಮರುದಿನ ಬೆಳಗಿನ 4.30, ನವೆಂಬರ್ ಮೊದಲ ಭಾನುವಾರದ ನಂತರ 5.30. ವ್ಯಾಂಕೂವರ್‌ನ ಸಂಜೆ 7, ಬೇಸಿಗೆಯಲ್ಲಿ ನಮಗೆ ಬೆಳಗ್ಗೆ 7.30. ಸಸ್ಕಾಚೆವಾನ್ ತಂಡದ ಊರಾದ ರಿಜೈನಾ ಗಡಿಯಾರ ಬದಲಿಸುವುದಿಲ್ಲ, ವರ್ಷವಿಡೀ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. 2025ರ ನವೆಂಬರ್ 16, ಭಾನುವಾರ ವಿನಿಪೆಗ್‌ನಲ್ಲಿ ಸಸ್ಕಾಚೆವಾನ್ 25-17ರಿಂದ ಮಾಂಟ್ರಿಯಲ್ ಅನ್ನು ಸೋಲಿಸಿದ ಗ್ರೇ ಕಪ್ ನಮಗೆ ಸೋಮವಾರ ಬೆಳಗಿನ ಪಂದ್ಯ. ಸೋಮವಾರದ ಪತ್ರಿಕೆ ಅಷ್ಟರಲ್ಲಿ ಅಚ್ಚಾಗಿ ಬಸ್ಸು ಹತ್ತಿರುತ್ತದೆ. ಆದ್ದರಿಂದ ಈ ಲೀಗಿಗೆ ಮಂಗಳವಾರವೇ ಸೂಕ್ತ.

ಮಂಗಳವಾರದ ಪುಟದಲ್ಲಿ ಅರ್ಧ ಕಾಲಂ ಸಾಕು. ವಾರದ ಫಲಿತಾಂಶ, ಒಂಬತ್ತು ತಂಡಗಳ ಅಂಕಪಟ್ಟಿ, ಪ್ರತಿ ಪಂದ್ಯಕ್ಕೆ ಮೇಲೆ ಹೇಳಿದ ಮೂರು ಸಂಖ್ಯೆ. ಅಂಕಪಟ್ಟಿಯನ್ನು ಪೂರ್ವ, ಪಶ್ಚಿಮ ಎಂದು ಎರಡಾಗಿ ಹಾಕಿ. ಒಂದು ವಿಭಾಗದ ನಾಲ್ಕನೆಯ ತಂಡ ಇನ್ನೊಂದರ ಮೂರನೆಯದಕ್ಕಿಂತ ಹೆಚ್ಚು ಅಂಕ ಪಡೆದರೆ ಅದರ ಜಾಗದಲ್ಲಿ ಪ್ಲೇಆಫ್‌ಗೆ ಹೋಗುವ ಕ್ರಾಸೋವರ್ ನಿಯಮ ಇರುವುದರಿಂದ ಎರಡನ್ನೂ ಅಕ್ಕಪಕ್ಕ ನೋಡಬೇಕಾಗುತ್ತದೆ. ದಾಖಲೆಗಳನ್ನು ಹಾಕುವಾಗ 2026ರವರೆಗಿನ ಅಂಗಳ, 2027ರಿಂದ ಮುಂದಿನ ಅಂಗಳ ಎಂದು ಬೇರೆಬೇರೆ ಹಾಕಿ. ಈ ಲೀಗಿನಲ್ಲಿ 109 ಗಜದ ಟಚ್‌ಡೌನ್ ಎಸೆತಗಳಾಗಿವೆ. 100 ಗಜದ ಅಂಗಳದಲ್ಲಿ ಅದನ್ನು ಸರಿಗಟ್ಟಲು ಯಾರಿಗೂ ಸಾಧ್ಯವಿಲ್ಲ.

ಒಬ್ಬ ಓದುಗ,
ಬದಿಯಡ್ಕ, ಕಾಸರಗೋಡು ಜಿಲ್ಲೆ