ಹುಲ್ಲು ಕತ್ತರಿಸುವ ಗಾಡಿ ಹಿಡಿದ ಅಳಿಯನಿಗೆ

ಸಿಂಧನೂರು

ಚಿರಂಜೀವಿ ಬಸವರಾಜನಿಗೆ ನಿನ್ನ ಸೋದರಮಾವನ ಆಶೀರ್ವಾದ.

ತೋರಣಗಲ್ಲಿನ ಕಾಲೋನಿಯಲ್ಲಿ ಹುಲ್ಲುಹಾಸು ನೋಡಿಕೊಳ್ಳುವ ಕೆಲಸ ಸಿಕ್ಕಿತಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಮೇಲೆ ಕೂತು ಓಡಿಸುವ ಮಷಿನ್ ಕೊಟ್ಟಿದ್ದಾರಂತೆ. ಭತ್ತ ಕಟಾವಿನ ಮಷಿನ್ ರಿಪೇರಿ ಮಾಡಿಯೇ ವಯಸ್ಸಾದವನು ನಾನು. ನೀನು ಕೇಳದಿದ್ದರೂ ಬರೆಯದೆ ಇರಲಾಗಲಿಲ್ಲ.

ಮೊದಲು ಗಾಡಿಯ ಜೊತೆ ಬಂದ ಪುಸ್ತಕ ಹುಡುಕು. ಏರ್ ಫಿಲ್ಟರ್ 25 ಗಂಟೆಗೊಮ್ಮೆ, ಆಯಿಲ್ 50 ಗಂಟೆಗೊಮ್ಮೆ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಧೂಳು ಜಾಸ್ತಿ ಇದ್ದರೆ ಇನ್ನೂ ಬೇಗ ಅಂತ ಅಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಿನಗೆ ಬೇಕಾದದ್ದು ಆ ಸಣ್ಣ ಅಕ್ಷರ. ಸಂಡೂರಿನ ಅದಿರು ಲಾರಿ ಓಡಾಡುವ ಕಡೆ ಪುಸ್ತಕದ ದೊಡ್ಡ ಅಕ್ಷರದ ಲೆಕ್ಕ ನಡೆಯುವುದಿಲ್ಲ.

ಗಾಡಿ ಓಡಿಸಿದ ದಿನ ಸಂಜೆ ಫಿಲ್ಟರಿನ ಮುಚ್ಚಳ ತೆಗೆದು ನೋಡು. ಹೊರಗಿನ ಸ್ಪಂಜು ಕೆಂಪಾಗಿದ್ದರೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕು. ಒಳಗಿನ ಕಾಗದದ ಫಿಲ್ಟರಿಗೆ ನೀರು ತಾಗಿಸಬೇಡ. ಪಂಕ್ಚರ್ ಅಂಗಡಿಯ ಗಾಳಿಯನ್ನೂ ಹೊಡೆಸಬೇಡ. ಕಾಗದ ಸ್ವಲ್ಪ ಹರಿದರೆ ಕಣ್ಣಿಗೆ ಕಾಣುವುದಿಲ್ಲ, ಧೂಳು ನೇರ ಸಿಲಿಂಡರಿಗೆ ಹೋಗಿ ರಿಂಗ್ ಸವೆಸುತ್ತದೆ. ಮೆಲ್ಲಗೆ ತಟ್ಟು, ಸಾಕು. ತಟ್ಟಿದರೂ ಹೊಲಸು ಬಿಡದಿದ್ದರೆ ಹೊಸದು ಹಾಕು. ಸೂಪರ್‌ವೈಸರ್ ಗೊಣಗಿದರೆ ಗೊಣಗಲಿ. ಎಂಜಿನ್ ಬಿಚ್ಚಿಸುವ ಖರ್ಚು ಕೇಳಿದ ಮೇಲೆ ತಾನೇ ಸುಮ್ಮನಾಗುತ್ತಾನೆ.

ಇಂಥ ಗಾಡಿಗಳಲ್ಲಿ ಬಹಳಷ್ಟಕ್ಕೆ ಟ್ರ್ಯಾಕ್ಟರಿನ ಹಾಗೆ ರೇಡಿಯೇಟರ್ ಇರುವುದಿಲ್ಲ. ಜಾಲರಿಯ ಮೂಲಕ ಫ್ಯಾನ್ ಎಳೆಯುವ ಗಾಳಿಯೇ ಎಂಜಿನ್ ತಂಪಾಗಿಡಬೇಕು. ಒಣ ಹುಲ್ಲು ಜಾಲರಿಗೆ ಮೆತ್ತಿಕೊಂಡು, ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ಸಂದಿಯಲ್ಲಿ ಧೂಳು ಕೂತರೆ ಮೇ ತಿಂಗಳ ಬಳ್ಳಾರಿ ಬಿಸಿಲಲ್ಲಿ ಎಂಜಿನ್ ಕೆಟ್ಟಂತೆಯೇ. ಎಂಜಿನ್ ಆರಿದ ಮೇಲೆ ಆ ಸಂದಿಗೆ ಬೇಕಾದರೆ ಗಾಳಿ ಹೊಡೆಸು. ಆಯಿಲನ್ನು ಬೆಳಿಗ್ಗೆ, ಸಮನಾದ ಜಾಗದಲ್ಲಿ ನಿಲ್ಲಿಸಿ, ಕಡ್ಡಿ ಎಳೆದು ನೋಡು. ಬದಲಿಸುವಾಗ ಮಾತ್ರ ಎಂಜಿನ್ ಸ್ವಲ್ಪ ಬೆಚ್ಚಗಿರಲಿ, ಹೊಲಸೆಲ್ಲ ಇಳಿಯುತ್ತದೆ.

ಇನ್ನು ಬ್ಲೇಡು. ಕೈ ಹಾಕುವ ಮುಂಚೆ ಚಾವಿ ನಿನ್ನ ಜೇಬಲ್ಲಿರಬೇಕು, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿರಬೇಕು. ಇದನ್ನು ಮರೆತೀಯ, ಜೋಕೆ. ಕತ್ತರಿಸಿದ ಮರುದಿನ ಹುಲ್ಲಿನ ತುದಿಯೆಲ್ಲ ಕಂದು ಬಣ್ಣಕ್ಕೆ ತಿರುಗಿದರೆ ನೀರು ಸಾಲಲಿಲ್ಲ ಅಂದುಕೊಂಡು ಪೈಪು ಹಿಡಿಯಬೇಡ. ಬ್ಲೇಡು ಮೊಂಡಾಗಿ ಹುಲ್ಲನ್ನು ಹರಿದಿರುತ್ತದೆ. ಮೊದಲಿದ್ದ ಓರೆಯಲ್ಲೇ ಅರ ಹಾಕು. ಆಮೇಲೆ ಅದರ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸು. ಯಾವ ಕಡೆ ಕೆಳಗಿಳಿಯಿತೋ ಆ ಕಡೆ ಇನ್ನೊಂದಿಷ್ಟು ಉಜ್ಜು. ತೂಕ ಸಮ ಇಲ್ಲದ ಬ್ಲೇಡು ಗಾಡಿಯನ್ನೆಲ್ಲ ಅದುರಿಸಿ ಬೇರಿಂಗ್ ತಿನ್ನುತ್ತದೆ. ತಿರುಗಿ ಕೂರಿಸುವಾಗ ಬಾಗಿದ ಅಂಚು ಮೇಲೆ, ಡೆಕ್ಕಿನ ಕಡೆಗೆ, ಅಂದರೆ ಬ್ಲೇಡನ್ನು ಮುಚ್ಚಿರುವ ತಗಡಿನ ಕಡೆಗೆ ಇರಲಿ.

ಟೈರಿನ ಗಾಳಿ ಎರಡೂ ಕಡೆ ಸಮ ಇರಲಿ, ಇಲ್ಲದಿದ್ದರೆ ಡೆಕ್ ವಾಲಿ ಹುಲ್ಲು ಏರುಪೇರಾಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ನಿನ್ನ ಟೈರನ್ನು ಸುಮ್ನೆ ಬಿಡುವುದಿಲ್ಲ, ಹುಲ್ಲುಹಾಸಿನ ಅಂಚಿಗೆ ಹೋಗುವ ಮುಂಚೆ ಇಳಿದು ನೋಡು. ಈಗ ಬಂಕಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ. ನಿನ್ನ ಎಂಜಿನ್ನಿಗೆ ಎಷ್ಟರವರೆಗೆ ನಡೆಯುತ್ತದೆ ಅಂತ ಪುಸ್ತಕದಲ್ಲಿ ನೋಡು. ತಿಂಗಳಿಗಿಂತ ಹಳೆಯ ಪೆಟ್ರೋಲ್ ಹಾಕಬೇಡ, ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ.

ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ. ಬ್ಲೇಡು ತಿರುಗುವಾಗ ನೀನು ಎದ್ದರೆ ಎಂಜಿನ್ ನಿಲ್ಲುತ್ತದೆ. ಪದೇ ಪದೇ ನಿಲ್ಲುತ್ತದಲ್ಲ ಅಂತ ಆ ಸ್ವಿಚ್ ಕೆಲಸ ಮಾಡದ ಹಾಗೆ ಅದರ ವೈರ್ ಜೋಡಿಸಿಕೊಡುವ ಜಾಣರು ಸಿಗುತ್ತಾರೆ. ಅವರನ್ನು ಗಾಡಿಯ ಹತ್ತಿರ ಸೇರಿಸಬೇಡ.

ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಬರುತ್ತೀಯಲ್ಲ, ಸವೆದ ಬ್ಲೇಡು ಇದ್ದರೆ ಗೋಣಿಯಲ್ಲಿ ಸುತ್ತಿಕೊಂಡು ಬಾ, ಅರ ಹಾಕುವುದನ್ನು ತೋರಿಸುತ್ತೇನೆ. ಬ್ಲೇಡು ತಿರುಗಿಸುವ ಬೆಲ್ಟಿನ ನಂಬರನ್ನೂ ಬರೆದುಕೊಂಡು ಬಾ. ಇಲ್ಲಿನ ಅಂಗಡಿಗಳಲ್ಲಿ ವಿಚಾರಿಸೋಣ.

ಇಂತಿ,
ನಿನ್ನ ಮಾವ